ಪ್ರತಿ: ‘ಗೇಟ್‌ವೇ’ಯಲ್ಲಿ ನಿಜಕ್ಕೂ ಬಾಗಿಲಿದೆಯೇ?

ಫ್ರೆಡರಿಕ್ ಪೋಲ್ ಅವರ 1977ರ ಕಾದಂಬರಿ ‘ಗೇಟ್‌ವೇ’ಯಲ್ಲಿ ದಾಟಿದೊಡನೆ ಬೇರೆ ಲೋಕ ತೆರೆದುಕೊಳ್ಳುವಂಥ ಪ್ರಾಚೀನ ದ್ವಾರವಿದೆಯೇ, ಅದನ್ನು ಕಟ್ಟಿದವರ ಗುಟ್ಟು ಕೊನೆಗಾದರೂ ತಿಳಿಯುತ್ತದೆಯೇ ಎಂದು ತಾವು ಕೇಳಿದ್ದೀರಿ. ಅಂಥ ದ್ವಾರವಿಲ್ಲ, ಹೀಚಿ ಎಂಬ ಜೀವಿಗಳು ಬಹುಕಾಲದ ಹಿಂದೆ ಒಳಗೆಲ್ಲ ಸುರಂಗ ಕೊರೆದು, ನೂರಾರು ನೌಕೆಗಳನ್ನು ಬಿಟ್ಟುಹೋದ ಒಂದು ಕ್ಷುದ್ರಗ್ರಹವೇ ಇಲ್ಲಿಯ ಹೆಬ್ಬಾಗಿಲು. ನೌಕೆಯನ್ನು ಹೊರಡಿಸುವುದು ಮನುಷ್ಯರಿಗೆ ಗೊತ್ತು, ಆದರೆ ಅದು ಎಲ್ಲಿಗೆ ಒಯ್ಯುತ್ತದೆ, ಎಷ್ಟು ದಿನ ಹಿಡಿಯುತ್ತದೆ ಎಂಬುದು ಹೊಸ ದಾರಿ ಹಿಡಿದವರಿಗೆ ತಿಳಿಯದು. ಹೀಗಾಗಿ ಪಯಣಿಗರು, ಹೋಗುವ ದಾರಿಯ ಅರ್ಧದಲ್ಲಿ ನೌಕೆ ವೇಗ ತಗ್ಗಿಸತೊಡಗುವ ಕ್ಷಣಕ್ಕಾಗಿ ಉಸಿರು ಬಿಗಿಹಿಡಿದು ಕಾಯುತ್ತಾರೆ: ಹೋಗಿಬರುವ ಪ್ರಯಾಣದಲ್ಲಿ ಅದು ಕಾಲು ಭಾಗವಾದ್ದರಿಂದ, ಅಷ್ಟರೊಳಗೆ ದಾಸ್ತಾನಿನ ಕಾಲು ಭಾಗಕ್ಕಿಂತ ಹೆಚ್ಚು ಖರ್ಚಾಗಿದ್ದರೆ ಎಲ್ಲರೂ ಜೀವಸಹಿತ ಮರಳುವಂತಿಲ್ಲ. ಈ ಸರಳ ಲೆಕ್ಕ ಹುಟ್ಟಿಸುವ ಭಯವನ್ನು ಯಾವ ರಾಕ್ಷಸನೂ ಹುಟ್ಟಿಸಲಾರ ಎಂಬುದು ನನ್ನ ಅನಿಸಿಕೆ.

ಹೀಚಿಗಳು ಈ ಕಾದಂಬರಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ; ಅವರ ವಿಷಯ ಮುಂದಿನ ಭಾಗಗಳದ್ದು. ನಡುನಡುವೆ ಬರುವ, ನಾಯಕ ರಾಬಿನೆಟ್ ಬ್ರಾಡ್‌ಹೆಡ್ ತನ್ನ ಮನೋವೈದ್ಯ-ಯಂತ್ರದೊಡನೆ ಜಗಳಕ್ಕಿಳಿಯುವ ಅಧ್ಯಾಯಗಳು ಆರಂಭದಲ್ಲಿ ಬೇಸರ ತರಿಸಬಹುದು (ಮೊದಲ ಓದಿನಲ್ಲಿ ನಾನೂ ಕೆಲವನ್ನು ಹಾರಿಸಿದ್ದೆ), ಆದರೆ ಕಥೆಯ ಗಂಟು ಬಿಚ್ಚಿಕೊಳ್ಳುವುದು ಅಲ್ಲಿಯೇ ಆದ್ದರಿಂದ ತಾವು ದಯವಿಟ್ಟು ಹಾರಿಸಬೇಡಿ.