ಆಟ ಮೊದಲೋ, ಅಭ್ಯಾಸ ಮೊದಲೋ?

ಮಾನ್ಯರೇ,

ದೈಹಿಕ ಶಿಕ್ಷಣದಲ್ಲಿ ರಚನಾವಾದವನ್ನು (ಮಕ್ಕಳು ತಾವೇ ಮಾಡಿ ನೋಡಿ, ಯೋಚಿಸಿ ತಿಳಿವಳಿಕೆಯನ್ನು ಕಟ್ಟಿಕೊಳ್ಳುತ್ತಾರೆ ಎಂಬ ವಾದವನ್ನು) ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನಕ್ಕೆ ಪ್ರತಿಕ್ರಿಯಿಸಿ ತಾವು ಬರೆದ ಪತ್ರ ತಲುಪಿದೆ. ಮಕ್ಕಳೇ ಎಲ್ಲವನ್ನೂ ಕಂಡುಕೊಳ್ಳುವುದಾದರೆ ದೈಹಿಕ ಶಿಕ್ಷಕರಿಗೆ ಮೈದಾನದಲ್ಲಿ ಏನು ಕೆಲಸ, ಅರವತ್ತು ಮಕ್ಕಳ ತರಗತಿಯಲ್ಲಿ ಇದು ನಡೆಯುವ ಮಾತೇ, ಇದಕ್ಕೆ ಅಂಕ ಕೊಡುವುದು ಹೇಗೆ ಎಂದು ಕೇಳಿದ್ದೀರಿ.

ಚೆಂಡು ಕೊಟ್ಟು ಮರದ ನೆರಳಿಗೆ ಸರಿಯುವುದನ್ನು ಯಾರೂ ರಚನಾವಾದವೆಂದು ಕರೆದಿಲ್ಲ. ಇಂಗ್ಲೆಂಡಿನ ಲಫ್‌ಬರೋದಲ್ಲಿ ಡೇವಿಡ್ ಬಂಕರ್ ಮತ್ತು ರಾಡ್ ಥಾರ್ಪ್ 1982ರಲ್ಲಿ ಮುಂದಿಟ್ಟ ಬೋಧನಾ ಕ್ರಮ ಹುಟ್ಟಿದ್ದೇ ಬಿಡಿ ಕೌಶಲಗಳನ್ನು ಸಾಲಿನಲ್ಲಿ ನಿಲ್ಲಿಸಿ ಅಭ್ಯಾಸ ಮಾಡಿಸಿದ ಮಕ್ಕಳು ಆಟಕ್ಕಿಳಿದಾಗ ಯಾವಾಗ ಏನು ಮಾಡಬೇಕೆಂದು ತೋಚದೆ ನಿಲ್ಲುತ್ತಿದ್ದರೆಂಬ ಅಸಮಾಧಾನದಿಂದ. ಆದ್ದರಿಂದ ಅವರು ಮಕ್ಕಳ ಅಳತೆಗೆ ಇಳಿಸಿದ ಆಟವನ್ನು ಮೊದಲಿಟ್ಟು, ಕೌಶಲದ ಅಭ್ಯಾಸವನ್ನು ಅದರ ಅಗತ್ಯ ಮಕ್ಕಳಿಗೇ ಕಂಡ ನಂತರಕ್ಕೆ ಇಟ್ಟರು. (ಇದನ್ನು ರಚನಾವಾದಕ್ಕೆ ತಳಹದಿ ಹಾಕಿದ ಮನೋವಿಜ್ಞಾನಿಗಳಾದ ಪಿಯಾಜೆ, ವೈಗಾಟ್‌ಸ್ಕಿ ಅವರ ಚಿಂತನೆಯೊಂದಿಗೆ ಜೋಡಿಸಿದವರು ಬಹುಮಟ್ಟಿಗೆ ನಂತರದ ವಿದ್ವಾಂಸರು.)

ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿರುವ, ಬಲೆಯ ಮೇಲಿಂದ ರಬ್ಬರ್ ರಿಂಗನ್ನು ಎಸೆದು ಹಿಡಿಯುವ ಟೆನಿಕ್ವಾಯಿಟ್ ಆಟವನ್ನೇ ತೆಗೆದುಕೊಳ್ಳಿ. ಅಂಕಣವನ್ನು ಉದ್ದಕ್ಕೆ ಎಳೆದು, ಅಗಲವನ್ನು ಎರಡು ಹೆಜ್ಜೆಗೆ ಇಳಿಸಿ, ಇಬ್ಬರನ್ನು ಆಡಲು ಬಿಡಿ. ಪಕ್ಕಕ್ಕೆ ಎಸೆಯಲು ಜಾಗವೇ ಇಲ್ಲದಿರುವುದರಿಂದ, ಎದುರಾಳಿ ಬಲೆಯ ಹತ್ತಿರವಿದ್ದರೆ ರಿಂಗನ್ನು ಹಿಂದಕ್ಕೆ ಕಳಿಸಬೇಕು, ಹಿಂದೆ ಸರಿದರೆ ಬಲೆಯ ಬುಡಕ್ಕೆ ಬೀಳಿಸಬೇಕು ಎಂಬುದು ಹುಡುಗಿಗೆ ನಾಲ್ಕಾರು ಪಾಯಿಂಟುಗಳಲ್ಲಿ ಹೊಳೆಯುತ್ತದೆ. ಹೊಳೆಯದಿದ್ದರೆ ಆಟ ನಿಲ್ಲಿಸಿ, "ಅವಳು ಎಲ್ಲಿ ನಿಂತಿದ್ದಳು? ನೀನು ಎಲ್ಲಿಗೆ ಎಸೆದೆ?" ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. "ಹಿಂದಕ್ಕೆ ಎಸೀಬೇಕು ಸಾರ್, ಆದ್ರೆ ಅಷ್ಟು ದೂರ ಹೋಗಲ್ಲ" ಎಂದಾಗ ಮಣಿಕಟ್ಟಿನ ತಿರುವನ್ನು ಹೇಳಿಕೊಡುವ ಸಮಯ ಬಂದಿದೆ ಎಂದರ್ಥ. ಅಂಕಣದ ಅಳತೆ, ಪ್ರಶ್ನೆ, ಕಾಯುವಿಕೆ ಇವೆಲ್ಲ ಬೋಧನೆಯೇ. ಸೀಟಿ ಊದಿ ಎಣಿಸುವುದಕ್ಕಿಂತ ಇದಕ್ಕೆ ಹೆಚ್ಚಿನ ಸಿದ್ಧತೆ ಬೇಕು.

ಎಲ್ಲವನ್ನೂ ಹೀಗೆಯೇ ಕಲಿಸಬೇಕೆಂದು ನಾವು ಹೇಳುವುದಿಲ್ಲ. ಗುಂಡು ಎಸೆತ, ಭರ್ಜಿ ಎಸೆತಗಳಲ್ಲಿ ಯಾರು ಎಲ್ಲಿ ನಿಲ್ಲಬೇಕು, ಎಸೆದದ್ದನ್ನು ಯಾವಾಗ ತರಬೇಕು ಎಂಬುದನ್ನು ಶಿಕ್ಷಕರು ನೇರವಾಗಿ ವಿಧಿಸಲೇಬೇಕು.

ಅರವತ್ತು ಮಕ್ಕಳ ಕಷ್ಟ ನಿಜ. ಪಾಠ ಮುಗಿದಿಲ್ಲವೆಂದು ಆಟದ ಅವಧಿಯನ್ನು ಗಣಿತಕ್ಕೆ ಕೇಳಿ ಪಡೆಯುವ ನಮ್ಮ ಶಾಲೆಗಳ ರೂಢಿ ಅದಕ್ಕಿಂತ ದೊಡ್ಡ ಕಷ್ಟ. ಆದರೂ ಒಂದೇ ರಿಂಗಿಗಾಗಿ ಅರವತ್ತು ಮಕ್ಕಳು ಸಾಲಿನಲ್ಲಿ ಕಾಯುವುದಕ್ಕಿಂತ, ಹಗ್ಗ ಕಟ್ಟಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದ ಹತ್ತು ಕಿರಿದಾದ ಅಂಕಣಗಳಲ್ಲಿ, ಕೆಲವರು ಆಡುತ್ತ, ಉಳಿದವರು ತೀರ್ಪು ಹೇಳುತ್ತ, ಅಂಕ ಬರೆಯುತ್ತ ಇರುವುದು ಮೇಲು.

ಅಂಕ ಕೊಡುವಾಗ ಎಷ್ಟು ಸಲ ಸರಿಯಾಗಿ ಹಿಡಿದಳು ಎಂಬುದನ್ನಷ್ಟೇ ಎಣಿಸಬೇಡಿ. ಎಸೆದ ಕೂಡಲೇ ಅಂಕಣದ ನಡುವಿಗೆ ಮರಳಿದಳೇ, ಖಾಲಿ ಜಾಗ ನೋಡಿ ಎಸೆದಳೇ ಎಂಬುದನ್ನು ಆಟ ನಡೆಯುತ್ತಿರುವಾಗಲೇ ಗುರುತು ಹಾಕಿಕೊಳ್ಳಿ. ದಿನಕ್ಕೆ ಐದಾರು ಮಕ್ಕಳನ್ನು ಗಮನಿಸಿದರೂ ಪರೀಕ್ಷೆಯ ವೇಳೆಗೆ ಇಡೀ ತರಗತಿಯ ಪಟ್ಟಿ ಸಿದ್ಧವಾಗಿರುತ್ತದೆ.

– ಸಂಪಾದಕ