ಇಂಗ್ಲೆಂಡಿನ ಪ್ಯಾರಿಷ್ ಚರ್ಚಿನ ಹಣಕ್ಕೆ ಹೊಣೆ ಯಾರು, ಪಾದ್ರಿಯೇ?

ಪಾದ್ರಿಯೊಬ್ಬರೇ ಅಲ್ಲ. ಚರ್ಚ್ ಆಫ್ ಇಂಗ್ಲೆಂಡಿಗೆ ಸೇರಿದ ಸ್ಥಳೀಯ ಚರ್ಚಿನ ಹಣಕಾಸಿನ ಹೊಣೆ ಪ್ಯಾರೋಕಿಯಲ್ ಚರ್ಚ್ ಕೌನ್ಸಿಲ್ ಎಂಬ ಮಂಡಳಿಯದು. ಅದರ ಸದಸ್ಯರೆಲ್ಲರೂ ಕಾನೂನಿನ ದೃಷ್ಟಿಯಲ್ಲಿ ಟ್ರಸ್ಟಿಗಳು, ಅಂದರೆ ಧರ್ಮಾರ್ಥ ನಿಧಿಯ ಪಾಲಕರು. ಪಾದ್ರಿ ಅದರ ಅಧ್ಯಕ್ಷರಾಗಿರುತ್ತಾರೆ, ಚರ್ಚ್‌ವಾರ್ಡನ್‌ಗಳು (ಪಾದ್ರಿಗಳಲ್ಲದ, ಚರ್ಚಿನ ಪದಾಧಿಕಾರಿಗಳು) ಹುದ್ದೆಯ ಬಲದಿಂದ ಸದಸ್ಯರಾಗುತ್ತಾರೆ, ಇನ್ನು ಹಲವರನ್ನು ಚರ್ಚಿನ ಸದಸ್ಯರು ವಾರ್ಷಿಕ ಸಭೆಯಲ್ಲಿ ಆರಿಸುತ್ತಾರೆ.

ಈ ವ್ಯವಸ್ಥೆಯ ತಿರುಳು ಇಷ್ಟೇ: ಹಣ ಟ್ರಸ್ಟಿಗಳ ವಶದಲ್ಲಿದ್ದರೂ ಅದು ಅವರದಲ್ಲ. ಆದ್ದರಿಂದ ಚಾವಣಿಯ ದುರಸ್ತಿಗೆಂದೇ ಬಂದ ದೇಣಿಗೆಯನ್ನು, ಮಂಡಳಿ ಒಮ್ಮತದಿಂದ ಬಯಸಿದರೂ, ಮನಬಂದಂತೆ ಬೇರೆ ಕೆಲಸಕ್ಕೆ ತಿರುಗಿಸುವಂತಿಲ್ಲ. ಗುತ್ತಿಗೆ ಪಡೆಯಲಿರುವವರು ಸದಸ್ಯರೊಬ್ಬರ ಬಂಧುವಾಗಿದ್ದರೆ ಆ ಸದಸ್ಯರು ಅದನ್ನು ಮೊದಲೇ ತಿಳಿಸಿ ನಿರ್ಧಾರದಿಂದ ದೂರವಿರಬೇಕು. ತೀರ್ಮಾನ ಬಹುಮತದ್ದು, ಹೊಣೆ ಎಲ್ಲರದು. ಲೆಕ್ಕವೆಲ್ಲ ಖಜಾಂಚಿಗೆ ಬಿಟ್ಟದ್ದು ಎಂಬ ಸಬೂಬು (ಇದು ಬಲು ಸಾಮಾನ್ಯ) ಉಳಿದವರನ್ನು ಕಾಪಾಡುವುದಿಲ್ಲ.

ಪ್ರತಿ ವರ್ಷ ಪರಿಶೀಲಿಸಿದ ಲೆಕ್ಕಪತ್ರವನ್ನು ವಾರ್ಷಿಕ ಸಭೆಯ ಮುಂದಿಡಬೇಕು. ವಾರ್ಷಿಕ ಆದಾಯ 1,00,000 ಪೌಂಡ್ ಮೀರಿದರೆ ಧರ್ಮಾರ್ಥ ಸಂಸ್ಥೆಗಳ ಮೇಲ್ವಿಚಾರಣೆ ನಡೆಸುವ ಚಾರಿಟಿ ಕಮಿಷನ್‌ನಲ್ಲಿ ನೋಂದಣಿಯೂ ಕಡ್ಡಾಯ. ಅದಕ್ಕಿಂತ ಚಿಕ್ಕ ಮಂಡಳಿಗಳಿಗೆ ಸದ್ಯ ನೋಂದಣಿಯಿಂದ ವಿನಾಯಿತಿಯಿದೆಯೇ ಹೊರತು ಟ್ರಸ್ಟಿಗಳ ಕರ್ತವ್ಯಗಳಿಂದಲ್ಲ.