ಮಂಡ್ಯದ ಲೇಖಕರಿಗೆ: ನಿಮ್ಮ ಲೇಖನ ಹನ್ನೊಂದನೆಯ ಪುಟದಲ್ಲಿ ಆರಂಭವಾಗುತ್ತದೆ

ಮಾನ್ಯರೇ,

ನಮಸ್ಕಾರ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಕಂಟ್ರೋಲ್ ಕೋಡ್‌ಗಳ (ಅಕ್ಷರವಾಗಿ ಮೂಡದೆ ಪ್ರಿಂಟರಿಗೆ ಆಜ್ಞೆಯಾಗುವ ಸಂಖ್ಯೆಗಳ) ಮೂಲಕ ಚಿತ್ರ ಮುದ್ರಿಸಿದ ಅನುಭವವನ್ನು ಕುರಿತು ನೀವು ಮೈಸೂರಿನ ನಮ್ಮ ಕಚೇರಿಗೆ ಕಳುಹಿಸಿದ ಹದಿನಾಲ್ಕು ಪುಟಗಳ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ "ಸ್ಥಳಾಭಾವದಿಂದ ವಿಷಾದಿಸುತ್ತೇವೆ" ಎಂಬ ಒಂದು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಕಬ್ಬಿನ ಗಾಡಿಗಳನ್ನು ತೂಗುವ ಕಟ್ಟೆಯ ಪಕ್ಕದ ಕೋಣೆಯಲ್ಲಿ ಕುಳಿತು, ತೂಕದ ಚೀಟಿಯ ತಲೆಯ ಮೇಲೆ ಕನ್ನಡದಲ್ಲಿ ಊರಿನ ಹೆಸರು ಮೂಡಿಸಲು ಹೆಣಗಿದ ಕಥೆಯನ್ನು ನಿಮ್ಮನ್ನು ಬಿಟ್ಟು ಬೇರೆಯವರು ಬರೆಯಲಾರರು.

ಮೊದಲ ನಾಲ್ಕು ಪುಟಗಳನ್ನು ತೆಗೆದುಹಾಕಿ. ಗುಟೆನ್‌ಬರ್ಗ್‌ನಿಂದ ಹೊರಟು ಮೊಳೆ ಜೋಡಿಸುವ ಕಾಲವನ್ನೂ ಬೆರಳಚ್ಚು ಯಂತ್ರವನ್ನೂ ದಾಟಿ ನೀವು ಪ್ರಿಂಟರಿನ ಬಳಿಗೆ ಬರುವಷ್ಟರಲ್ಲಿ ಓದುಗ ಎದ್ದು ಹೋಗಿರುತ್ತಾನೆ. "ಚುಕ್ಕಿಮಾತೃಕಾ ಮುದ್ರಣಯಂತ್ರ" ಎಂಬ ಹೆಸರನ್ನೂ ಬಿಡಿ; ನಿಮ್ಮ ಕೋಣೆಯಲ್ಲಿ ಅದನ್ನು ಹಾಗೆಂದು ಯಾರೂ ಕರೆದಿರಲಿಕ್ಕಿಲ್ಲ. ರಂಗೋಲಿಯ ಹೋಲಿಕೆ ಕಿವಿಗೆ ಹಿತವಾದರೂ ಪೂರ್ತಿ ಹೊಂದುವುದಿಲ್ಲ, ಏಕೆಂದರೆ ರಂಗೋಲಿಯಲ್ಲಿ ಚುಕ್ಕಿಗಳನ್ನು ಸೇರಿಸುವ ಎಳೆಯೇ ಚಿತ್ರವಾಗುತ್ತದೆ, ಇಲ್ಲಿ ಎಳೆಯೇ ಇಲ್ಲ.

ಇನ್ನು ತಪ್ಪುಗಳು. ರಿಬ್ಬನ್ನಿನ ಮೇಲೆ ಹೊಡೆದು ಚುಕ್ಕಿ ಮೂಡಿಸುವ ಹೆಡ್‌ನ ಒಂಬತ್ತು ಪಿನ್‌ಗಳೂ ಚಿತ್ರ ಬಿಡಿಸುತ್ತವೆ ಎಂದು ಬರೆದಿದ್ದೀರಿ. ನೀವು ಬಳಸಿರುವ, ಪ್ರಿಂಟರ್ ತಯಾರಿಸುವ ಎಪ್ಸನ್ ಕಂಪನಿ ರೂಢಿಗೆ ತಂದ "ಎಸ್ಕೇಪ್ ಕೆ" ಆಜ್ಞೆಯಲ್ಲಿ ಒಂದು ಬೈಟ್ ಎಂದರೆ ಒಂದು ನೀಟ ಸಾಲು. ಬೈಟಿಗೆ ಎಂಟೇ ಬಿಟ್ ಇರುವುದರಿಂದ ಎಂಟೇ ಪಿನ್ ಹೊಡೆಯುತ್ತವೆ, ಒಂಬತ್ತನೆಯದು ಸುಮ್ಮನಿರುತ್ತದೆ. ಅತಿ ಮೇಲಿನ ಪಿನ್ನಿನ ಬೆಲೆ 1 ಎಂದಿರುವುದೂ ತಲೆಕೆಳಗಾಗಿದೆ. ಮೇಲಿನದು 128, ಕೆಳಗಿನದು 1; ಹೊಡೆಯಬೇಕಾದ ಪಿನ್‌ಗಳ ಬೆಲೆಗಳನ್ನು ಕೂಡಿಸಿದರೆ ಬರುವುದೇ ಆ ಬೈಟ್. ನೀವು ಉದಾಹರಣೆಗೆ ಕೊಟ್ಟ 1, 2, 4, 8, 16, 32, 64, 128 ಎಂಬ ಸಾಲನ್ನು ನಾನು ಮಗಳ ಗ್ರಾಫ್ ಪುಸ್ತಕದಲ್ಲಿ ಗುರುತು ಹಾಕಿ ನೋಡಿದೆ. ಅದು ನೀವು ಹೇಳಿದಂತೆ ಬಲಕ್ಕೆ ಇಳಿಯುವ ಗೆರೆಯಲ್ಲ, ಬಲಕ್ಕೆ ಏರುವ ಗೆರೆ. ಪ್ರಿಂಟರಿನಲ್ಲಿ ಸರಿಯಾಗಿ ಬಂದದ್ದು ಲೇಖನದಲ್ಲಿ ತಪ್ಪಿದೆ ಎಂದರೆ, ಈ ಭಾಗವನ್ನು ನೆನಪಿನಿಂದ ಬರೆದು ಮತ್ತೆ ತಾಳೆ ನೋಡಿಲ್ಲ ಎಂದಾಯಿತು.

ಚಿತ್ರದ ಅಗಲವನ್ನು 44 ಮತ್ತು 1 ಎಂದು ಹೇಳಬೇಕು ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ. ಓದುಗ ಇಲ್ಲಿ ಎಡವುವುದು ಖಂಡಿತ. ಒಂದು ಬೈಟಿನಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲವಾದ್ದರಿಂದ, ವೀಳ್ಯದೆಲೆಯನ್ನು ಕಟ್ಟಿನ ಲೆಕ್ಕದಲ್ಲಿ ಎಣಿಸಿ ಮಿಕ್ಕಿದ್ದನ್ನು ಬಿಡಿಯಾಗಿ ಹೇಳುವ ಹಾಗೆ, 300 ನೀಟ ಸಾಲುಗಳನ್ನು 256ರ ಒಂದು ಕಟ್ಟು ಮತ್ತು 44 ಬಿಡಿ ಎಂದು ಹೇಳುತ್ತೇವೆ. ಬಿಡಿ ಮೊದಲು, ಕಟ್ಟು ಆಮೇಲೆ. ಈ ಲೆಕ್ಕ ಹೇಳಿದ ಮೇಲೆ ಪ್ರಿಂಟರ್ 300 ಬೈಟ್‌ಗಳನ್ನು ಕಣ್ಣುಮುಚ್ಚಿ ಚುಕ್ಕಿಯೆಂದೇ ತೆಗೆದುಕೊಳ್ಳುತ್ತದೆ. ಕಡಿಮೆ ಕೊಟ್ಟರೆ ಮುಂದಿನ ಆಜ್ಞೆಯನ್ನೂ ನುಂಗಿ ಚುಕ್ಕಿ ಮಾಡುತ್ತದೆ, ಹೆಚ್ಚು ಕೊಟ್ಟರೆ ಉಳಿದದ್ದನ್ನು ಅಕ್ಷರವೆಂದು ಅಚ್ಚು ಹಾಕುತ್ತದೆ. ಇದನ್ನು ಹೇಳದೆ ನಿಮ್ಮ ಹನ್ನೊಂದನೆಯ ಪುಟ ಯಾರಿಗೂ ಅರ್ಥವಾಗುವುದಿಲ್ಲ.

ನೀವು ಮುದ್ರಿಸಿದ ಚಿತ್ರದಲ್ಲಿ ಗಾಡಿಯ ಚಕ್ರ ಚಪ್ಪಟೆಯಾದದ್ದಕ್ಕೆ ನೀವು ಕಾಗದವನ್ನೂ ಹಳೆಯ ರಿಬ್ಬನ್ನನ್ನೂ ದೂರಿದ್ದೀರಿ. ಅವೆರಡೂ ನಿರಪರಾಧಿಗಳು. ಆ ಆಜ್ಞೆಯಲ್ಲಿ ಅಡ್ಡಲಾಗಿ ಅಂಗುಲಕ್ಕೆ 60 ಚುಕ್ಕಿ, ನಿಮ್ಮ ಒಂಬತ್ತು ಪಿನ್ನಿನ ಹೆಡ್‌ನಲ್ಲಿ ಉದ್ದಕ್ಕೆ ಅಂಗುಲಕ್ಕೆ 72. ಎರಡೂ ಕಡೆ 60 ಚುಕ್ಕಿ ಎಣಿಸಿ ಬರೆದ ಚಕ್ರ ಒಂದಂಗುಲ ಅಗಲವಾಗಿ, ಎತ್ತರದಲ್ಲಿ ಆರನೆಯ ಒಂದು ಭಾಗ ಕುಗ್ಗುತ್ತದೆ. ಚುಕ್ಕಿಗಳ ಸಾಂದ್ರತೆಯನ್ನು ಆರಿಸಲು ಬಿಡುವ "ಎಸ್ಕೇಪ್ ನಕ್ಷತ್ರ" ಆಜ್ಞೆಯ 5ನೆಯ ವಿಧಾನದಲ್ಲಿ ಅಡ್ಡಕ್ಕೂ 72 ಸಿಗುವುದರಿಂದ ಅಲ್ಲಿ ಚಕ್ರ ಚಕ್ರವಾಗಿಯೇ ಬರುತ್ತದೆ. ನಿಮ್ಮ ಪ್ರಿಂಟರ್ ಆ ವಿಧಾನವನ್ನು ಒಪ್ಪುತ್ತಿದ್ದರೆ ಮತ್ತೊಮ್ಮೆ ಮುದ್ರಿಸಿ ನೋಡಿ. ಎರಡು ಚಕ್ರಗಳನ್ನು ಪಕ್ಕಪಕ್ಕದಲ್ಲಿ ಅಚ್ಚು ಹಾಕಲು ನಮಗೂ ಆಸೆಯಿದೆ.

ಈಗ ಹನ್ನೊಂದನೆಯ ಪುಟಕ್ಕೆ ಬರುತ್ತೇನೆ. (ಹೆಡ್ ಒಂದು ಸಲ ಅಡ್ಡಕ್ಕೆ ಓಡಿ ಮೂಡಿಸುವ, ಎಂಟು ಚುಕ್ಕಿ ಎತ್ತರದ ಭಾಗವನ್ನು ನೀವು ಪಟ್ಟಿ ಎನ್ನುತ್ತೀರಿ.) ಅಲ್ಲಿ ನೀವು ಹೀಗೆ ಬರೆದಿದ್ದೀರಿ: "ಮೂರನೆಯ ಪಟ್ಟಿಯಿಂದ ಚಿತ್ರ ಬಲಕ್ಕೆ ಸರಿದು, ಅಂಚಿನಲ್ಲಿ ಅರ್ಥವಿಲ್ಲದ ಅಕ್ಷರಗಳು ಬಂದವು. ಬೆಳಗಿನ ಜಾವದ ಹೊತ್ತಿಗೆ ಒಂದು ಸಣ್ಣ ದೋಷವನ್ನು ಸರಿಪಡಿಸಿದೆ." ಇಡೀ ರಾತ್ರಿಯನ್ನು ಎರಡು ವಾಕ್ಯಗಳಲ್ಲಿ ಮುಗಿಸಿ, ಮುಂದಿನ ಒಂದು ಪುಟವನ್ನು ಹೆಡ್ ಓಡುವ "ಸಂಗೀತ"ಕ್ಕೆ ಕೊಟ್ಟಿದ್ದೀರಿ. (ಅಂಥದೊಂದು ಪ್ರಿಂಟರಿನ ಎದುರು ಹನ್ನೆರಡು ವರ್ಷ ಕುಳಿತವನು ನಾನು, ಅದು ಸಂಗೀತವಲ್ಲ.) ಆ ದೋಷವೇನೆಂದು ತಿಳಿಯಲು ನಾನು ಲೇಖನದ ಕೊನೆಯಲ್ಲಿರುವ ಪ್ರೋಗ್ರಾಮನ್ನು ಓದಬೇಕಾಯಿತು. ಮೊದಲ ಪ್ರತಿಯಲ್ಲಿ ಸಿ ಭಾಷೆಯ ಫೈಲನ್ನು ಡಬ್ಲ್ಯು (ಬರೆಯಲು) ಎಂದಷ್ಟೇ ಬರೆದು ತೆರೆದಿದ್ದೀರಿ, ತಿದ್ದಿದ ಪ್ರತಿಯಲ್ಲಿ ಅದರ ಪಕ್ಕಕ್ಕೆ ಬಿ (ಬೈಟ್‌ಗಳನ್ನು ಇದ್ದಂತೆಯೇ ಬಿಡು ಎಂಬ ಸೂಚನೆ) ಸೇರಿದೆ. ಚಿತ್ರದಲ್ಲಿ 10 ಎಂಬ ಬೈಟ್ ಕೇವಲ ಎರಡು ಚುಕ್ಕಿ, ಅವುಗಳ ಬೆಲೆ ಎಂಟು ಮತ್ತು ಎರಡು. ಆದರೆ ನಿಮ್ಮ ಕಂಪ್ಯೂಟರನ್ನು ನಡೆಸುತ್ತಿದ್ದ ಡಾಸ್‌ನಲ್ಲಿ ಬಿ ಇಲ್ಲದೆ ತೆರೆದ ಫೈಲಿಗೆ 10 ಎಂದರೆ ಸಾಲಿನ ಕೊನೆ, ಆದ್ದರಿಂದ ಅದು ಕೇಳದೆಯೇ 10ಕ್ಕೆ ಮೊದಲು ಒಂದು 13 ಸೇರಿಸುತ್ತದೆ. 300 ಎಂದು ಹೇಳಿದ ಕಡೆ 301 ಬಂದವು. ಚಿತ್ರ ಒಂದು ಚುಕ್ಕಿ ಸರಿಯಿತು. ಕೊನೆಯ ಬೈಟ್ ಹೊರಗೆ ಉಳಿದು ಅಕ್ಷರವಾಯಿತು. ಮೊದಲೆರಡು ಪಟ್ಟಿಗಳು ಸರಿಯಾಗಿ ಬಂದದ್ದು ಅಲ್ಲಿ 10 ಎಂಬ ಬೈಟ್ ಬಾರದೇ ಇದ್ದುದರಿಂದ. ಅದೃಷ್ಟದಿಂದ ಸರಿಯಿದ್ದ ಆ ಎರಡು ಪಟ್ಟಿಗಳೇ ನಿಮ್ಮನ್ನು ರಾತ್ರಿಯಿಡೀ ದಾರಿ ತಪ್ಪಿಸಿರಬೇಕು. ಏನೇನನ್ನು ಅನುಮಾನಿಸಿದಿರಿ, ಕೇಬಲ್ಲನ್ನೇ, ಲೆಕ್ಕವನ್ನೇ, ಪ್ರಿಂಟರನ್ನೇ, ಯಾವ ಕ್ರಮದಲ್ಲಿ, ಎಂಬುದನ್ನು ಬರೆಯಿರಿ. ಆ ಫೈಲನ್ನು ಪ್ರಿಂಟರಿಗೆ ಕಾಪಿ ಮಾಡುವಾಗ /ಬಿ ಹಾಕದಿದ್ದರೆ, ಡಾಸ್ ಫೈಲಿನ ಕೊನೆಯೆಂದು ಭಾವಿಸುವ 26 ಎಂಬ ಬೈಟ್ ಬಂದಲ್ಲಿಗೆ ಚಿತ್ರ ನಿಂತುಹೋಗುತ್ತದೆಂದು ಒಂದು ಸಾಲು ಅಲ್ಲೇ ಸೇರಿಸಿ.

ಕನ್ನಡದ ಶೀರ್ಷಿಕೆಯ ಭಾಗವನ್ನು ಹಿಗ್ಗಿಸಿ. ನಿಮ್ಮ ಪ್ರಿಂಟರಿನ ಒಳಗೆ ಕನ್ನಡ ಲಿಪಿ ಇರಲಿಲ್ಲ, ಎಂಟು ಚುಕ್ಕಿಯ ಎತ್ತರದಲ್ಲಿ "ಮಂಡ್ಯ" ಹಿಡಿಸಲಿಲ್ಲ, ಆದ್ದರಿಂದ ಅಕ್ಷರಕ್ಕೆ ಎರಡು ಪಟ್ಟಿ, ಯಕಾರದ ಒತ್ತಿಗೆಂದೇ ಕೆಳಗೊಂದು ಪಟ್ಟಿ ಇಟ್ಟಿರಿ. ಪಟ್ಟಿಗಳ ನಡುವೆ ಬಿಳಿ ಗೆರೆ ಉಳಿಯದಿರಲು "ಎಸ್ಕೇಪ್ 3" ಮತ್ತು 24 ಕೊಟ್ಟು ಸಾಲಿನ ಅಂತರವನ್ನು 24/216 ಅಂಗುಲಕ್ಕೆ ಇಳಿಸಿದಿರಿ, ಅನಂತರ "ಎಸ್ಕೇಪ್ 2" ಕೊಟ್ಟು ಹಿಂದಿನ 1/6 ಅಂಗುಲಕ್ಕೆ ತರಲು ಮರೆತು, ತೂಕದ ಅಂಕಿಗಳ ಸಾಲುಗಳು ಒಂದಕ್ಕೊಂದು ಅಂಟಿಕೊಂಡವು. ಆ ಚೀಟಿಯನ್ನು ಕೈಯಲ್ಲಿ ಹಿಡಿದ ರೈತರು ಏನೆಂದರು? ಕಾರ್ಬನ್ ಪ್ರತಿಯಲ್ಲಿ ಒತ್ತಕ್ಷರ ಮೂಡಿತೇ? ಲೇಖನದಲ್ಲಿ ಈ ಎರಡಕ್ಕೂ ಉತ್ತರವಿಲ್ಲ.

ಹಸ್ತಪ್ರತಿಯನ್ನು ಗುರುತುಗಳೊಂದಿಗೆ ಹಿಂದಿರುಗಿಸಿದ್ದೇನೆ. ಆರೇಳು ಪುಟ ಸಾಕು. ಮೂರನೆಯ ಪಟ್ಟಿಯಿಂದ ಕೆಟ್ಟ ಆ ಹಾಳೆ ಇನ್ನೂ ಉಳಿದಿದ್ದರೆ, ಸರಿಯಾಗಿ ಬಂದ ಚಿತ್ರಕ್ಕಿಂತ ಮೊದಲು ಅದರ ಫೋಟೊ ಕಳುಹಿಸಿ.

ಇಂತು,
ಸಂಪಾದಕ